ಗಿಡದಲ್ಲೇ ಅರಳಿದ ಮಲ್ಲಿಗೆ

ಶಂಕರಪುರದಲ್ಲಿ ಮಲ್ಲಿಗೆ ಗಿಡದಲ್ಲೇ ಅರಳಿದ್ದನ್ನು ನೋಡಿದವರು ಕಡಿಮೆ. ಮೊಗ್ಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕಳುಹಿಸಿಬಿಡುತ್ತಾರೆ. ಹೂ ಅರಳುವುದು ದೂರದ ಯಾವುದೋ ಮದುಮಗಳ ಜಡೆಯಲ್ಲಿ, ಇಲ್ಲವೇ ದೇವರ ಮುಡಿಯಲ್ಲಿ. ಗಿಡದಲ್ಲೇ ಅರಳಿ ನಿಂತಿದೆ ಎಂದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ಊರವರು ಕೇಳದೆಯೇ ತಿಳಿಯುತ್ತಾರೆ.

ರತ್ನಾವತಿಯ ತೋಟ ಆ ವಾರ ಬೆಳ್ಳಗೆ ಅರಳಿ ನಿಂತಿತ್ತು. ಕಾರ್ಕಳದಲ್ಲಿ ಅವಳ ಸೋದರಮಾವ ಚೆನ್ನಪ್ಪ ತೀರಿಕೊಂಡಿದ್ದರು. ಅವಳದು ಅಳಿಯಕಟ್ಟಿನ ಮನೆತನ. ಸೂತಕ ಬರುವುದು ತಾಯಿಯ ಕಡೆಯಿಂದ. ಮಸ್ಕತ್‌ನಲ್ಲಿದ್ದ ಗಂಡನಿಗೆ ಇಲ್ಲದ ಸೂತಕ ಅವಳಿಗಿತ್ತು. ಮಾವನ ಬೊಜ್ಜ, ಅಂದರೆ ಉತ್ತರಕ್ರಿಯೆ ಮುಗಿಯುವವರೆಗೆ ಅವಳು ಹೂ ಮುಡಿಯುವಂತಿಲ್ಲ, ಕಟ್ಟುವಂತಿಲ್ಲ, ಮಾರುವಂತಿಲ್ಲ. ಅಪ್ಪ ಇಲ್ಲದ ಹುಡುಗಿಯನ್ನು ಓದಿಸಿದವರು ಆ ಮಾವ. ಈ ತೋಟದ ಮೊದಲ ಸಾಲಿನ ಗಿಡಗಳನ್ನು ಗುಂಡಿ ತೋಡಿ ನೆಟ್ಟುಕೊಟ್ಟವರೂ ಅವರೇ.

ಪಕ್ಕದ ಮನೆಯ ವೆರೊನಿಕಾ ಬಾಯಿಗೆ ಆ ಹೂವನ್ನು ನೋಡಿ ಸಂಕಟವಾಗಿತ್ತು. ಮದುವೆಯ ಕಾಲ, ಹೂವಿಗೆ ಬಂಗಾರದ ಬೆಲೆ. ತಮಗೆ ಸೂತಕ ಇಲ್ಲವಲ್ಲ, ತಾವೇ ಕೊಯ್ದು ತಮ್ಮ ಹೆಸರಿನಲ್ಲಿ ಮಾರುತ್ತೇವೆ, ಬಂದ ಹಣವನ್ನು ರತ್ನಾವತಿಗೇ ಕೊಡುತ್ತೇವೆ ಎಂದು ಬೇಲಿಯ ಬಳಿ ಬಂದು ಹೇಳಿದ್ದರು. ರತ್ನಾವತಿ ಒಪ್ಪಲಿಲ್ಲ. "ಕೈ ನಿಮ್ಮದಾದ್ರೂ ಗಿಡ ನನ್ನದಲ್ವಾ ಬಾಯಿ" ಎಂದಳು. ವೆರೊನಿಕಾ ಬಾಯಿ ಮತ್ತೆ ಆ ಮಾತೆತ್ತಲಿಲ್ಲ. ಮರುದಿನದಿಂದ ಮಧ್ಯಾಹ್ನಕ್ಕೆ ಒಂದು ಪಾತ್ರೆ ಗಂಜಿ, ಚಟ್ನಿ ತಂದಿಟ್ಟು ಹೋಗುತ್ತಿದ್ದರು.

ಬೊಜ್ಜಕ್ಕೆ ಒಂದು ದಿನ ಇರುವಾಗ ಬೆಳಿಗ್ಗೆ ಹೂ ಒಯ್ಯುವ ಭೋಜ ಬಂದ. ಮನೆಮನೆಯಿಂದ ಹೂ ಸಂಗ್ರಹಿಸಿ ಕಾಪು, ಉಡುಪಿಗೆ ಮುಟ್ಟಿಸುವವನು. ಯಾವಾಗಲೂ ಅಂಗಳಕ್ಕೆ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ಕೇಳುವ ಮನುಷ್ಯ ಅಂದು ಗೇಟಿನ ಹೊರಗೆ ಸ್ಕೂಟರಿನ ಮೇಲೇ ಕುಳಿತು ಫೋನ್ ಚಾಚಿದ.

ಫೋನಿನಲ್ಲಿ ರತ್ನಾವತಿಯದೇ ಫೋಟೋ ಇತ್ತು. ಗಿಳಿಹಸಿರು ನೈಟಿ, ಹೆಗಲ ಮೇಲೆ ಕೆಂಪು ಚೌಕುಳಿಯ ಬೈರಾಸ್ ಟವೆಲು, ತುರುಬಿನ ಸುತ್ತ ಮಲ್ಲಿಗೆ, ಕೈಯಲ್ಲಿ ಅರ್ಧ ಕಟ್ಟಿದ ಹೂ. ಮೇಲೆ ದಪ್ಪಕ್ಷರದಲ್ಲಿ 'ಇವತ್ತಿನ ಬೀದಿ' ಎಂದಿತ್ತು. ಕೆಳಗೆ, 'ಇವತ್ತು ಬೆಳಿಗ್ಗೆ, ಶಂಕರಪುರ. ನೈಟಿ ಮೇಲೆ ಬೈರಾಸ್, ಇದಕ್ಕಿಂತ ಸ್ಟೈಲ್ ಬೇಕಾ?'

ಅವಳಿಗೆ ನೆನಪಾಯಿತು. ವಿಷು ಹಬ್ಬಕ್ಕೆ ಮುಂಚೆ, ಮಾವ ಇನ್ನೂ ಚೆನ್ನಾಗಿದ್ದಾಗ, ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಕ್ಯಾಮೆರಾ ತೂಗುಹಾಕಿಕೊಂಡು ಬಂದಿದ್ದಳು. ತನ್ವಿ ಎಂದು ಹೆಸರು, ದಾವಣಗೆರೆಯವಳು. ದಾರಿಯಲ್ಲಿ ಹೋಗುವವರ ಬಟ್ಟೆಬರೆಯ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಬರೆಯುವವಳಂತೆ. ನೈಟಿಯಲ್ಲಿ ಎಂತ ಫೋಟೋ ಮಾರಾಯ್ತಿ ಎಂದು ರತ್ನಾವತಿ ನಕ್ಕಿದ್ದಳು, ಆದರೂ ಬೇಡವೆನ್ನಲಿಲ್ಲ. ಹೋಗುವಾಗ ಹುಡುಗಿಯ ಕೂದಲಿಗೆ ಒಂದು ತುಂಡು ಹೂವನ್ನೂ ಮುಡಿಸಿ ಕಳುಹಿಸಿದ್ದಳು.

"ಇದು ಅವತ್ತಿನದ್ದು ಭೋಜಣ್ಣ. ವಿಷುವಿಗೂ ಮುಂಚಿನದ್ದು."

"ನನಗೆ ಹೇಳಿ ಎಂತ ಪ್ರಯೋಜನ ರತ್ನಕ್ಕ? ಇವತ್ತು ಬೆಳಿಗ್ಗೆ ಅಂತ ಬರೆದುಂಟು. ಕಾಪುವಿನ ಮದುಮಗಳ ತಾಯಿ ಫೋನ್ ಮಾಡಿದ್ರು, ಸೂತಕದ ಮನೆಯ ಹೂ ನಮ್ಮ ಮಗಳ ತಲೆಗೆ ಬಂತಾ ಅಂತ. ನೀವು ನನಗೆ ಕೊಡ್ಲಿಲ್ಲ, ಅದು ನನಗೆ ಗೊತ್ತುಂಟು. ಬೇರೆಯವರ ಕೈಯಲ್ಲಿ ಕಳಿಸಿದ್ರಾ ಅಂತ ಜನ ಕೇಳ್ತಾರೆ." ಅವನು ಸ್ಕೂಟರ್ ಚಾಲೂ ಮಾಡಿದ. "ಈ ಮದುವೆ ಸೀಸನ್ ಒಂದು ಕಳೀಲಿ. ಮತ್ತೆ ನೋಡುವ."

ಹದಿನೈದು ವರ್ಷ ಅವಳ ಹೂ ಒಯ್ದವನು ಬೇಲಿಯಾಚೆ ಒಮ್ಮೆ ಕಣ್ಣು ಹಾಯಿಸಲಿಲ್ಲ. ಹಾಯಿಸಿದ್ದರೆ ಗಿಡಗಳೇ ಹೇಳುತ್ತಿದ್ದವು.

ಅವನ ಹಿಂದೆಯೇ ಕಾರ್ಕಳದಿಂದ ಫೋನ್ ಬಂತು. ದೊಡ್ಡಮ್ಮನ ಮಗಳು ಕುಶಲಾ, ಈಗ ಮನೆತನದ ಹೆಂಗಸರಲ್ಲಿ ಹಿರಿಯಳು. ಅವಳು ಬೈಯಲಿಲ್ಲ. ನಿಧಾನವಾಗಿ, ಅಳೆದು ಮಾತಾಡಿದಳು. ಮಾವನ ಬೂದಿ ಆರುವ ಮೊದಲು ತಲೆತುಂಬ ಹೂ ಮುಡಿದು ಫೋಟೋಕ್ಕೆ ನಿಂತವಳು ನಾಳೆ ಬೊಜ್ಜದಲ್ಲಿ ಮಾವನ ಹೆಸರಿನ ಎಲೆಗೆ ಬಡಿಸುವುದು ಬೇಡ, ಬರುವುದಾದರೆ ಬಂದು ಹಿಂದೆ ಕೂತು ಹೋಗಲಿ ಎಂದಳು. ರತ್ನಾವತಿ ಹೇಳಹೊರಟದ್ದು ಮುಗಿಯುವ ಮೊದಲೇ ಫೋನ್ ಇಟ್ಟಳು.

ರತ್ನಾವತಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಮಾವನಿಗೆ ಎಲೆ ಹಾಕಿ ಬಡಿಸುವ ಹಕ್ಕು ತಂಗಿಯ ಮಗಳದು. ಅದನ್ನು ಒಂದು ಸುಳ್ಳು ಪದ ಕಸಿದುಕೊಂಡು ಹೋಗುವುದೇ? ತನ್ವಿ ಅಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ಸೀರೆ ಉಟ್ಟು ಮಣಿಪಾಲಕ್ಕೆ ಹೊರಟಳು. ವೆರೊನಿಕಾ ಬಾಯಿ ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು.

ಬಸ್ಸಿನ ಡ್ರೈವರ್ ಯೋಗೀಶನಿಗೆ ಅವಳು ದಿನವೂ ದೇವರ ಪಟಕ್ಕೆಂದು ಒಂದು ಮಾಲೆ ಕೊಡುತ್ತಿದ್ದವಳು. ಪಟದಲ್ಲಿ ಅವಳು ಕೊನೆಯ ಬಾರಿ ಕೊಟ್ಟ ಮಾಲೆಯೇ ಕಂದಿ, ನಾರಾಗಿ ತೂಗುತ್ತಿತ್ತು. ಅವನು ಬೇರೆ ಯಾರಿಂದಲೂ ಕೊಂಡಿರಲಿಲ್ಲ. ಕನ್ನಡಿಯಲ್ಲಿ ಅವಳನ್ನು ಕಂಡು ತಲೆ ತಗ್ಗಿಸಿದ, ಅಷ್ಟೆ. ಆದರೂ ಅವಳ ಕೋಪ ಇಳಿಯಲಿಲ್ಲ.

ಮಣಿಪಾಲದ ಒಂದು ಕಾಫಿ ಅಂಗಡಿಗೆ ಬರಲು ತನ್ವಿ ಫೋನಿನಲ್ಲಿ ಹೇಳಿದ್ದಳು. ಅವರನ್ನು ಕಂಡು ಓಡಿಬಂದು ಅಪ್ಪಿಕೊಳ್ಳಲು ಹೋದಳು. ಎಷ್ಟೊಂದು ಜನ ಮೆಚ್ಚಿದ್ದಾರೆ ನೋಡಿ, ಡೆಲ್ಲಿಯವರೆಲ್ಲ ಬೈರಾಸ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ ಎಂದು ಫೋನ್ ತೋರಿಸಿದಳು. ಅವಳ ಗೆಳತಿ ಮಾನಸ ಮಾತ್ರ ಬಂದವರ ಮುಖ ನೋಡಿ, ಎದ್ದು ಹೋಗಿ ಎರಡು ಲೋಟ ನೀರು ತಂದಿಟ್ಟಳು.

ರತ್ನಾವತಿ ಎಲ್ಲವನ್ನೂ ಹೇಳಿದಳು. ಮಾವ, ಸೂತಕ, ಮದುಮಗಳ ತಾಯಿ, ನಾಳಿನ ಬೊಜ್ಜ. ತನ್ವಿಯ ಮುಖ ಬಾಡಿತು.

"ಅಯ್ಯೋ ಸಾರಿ ಆಂಟಿ. ಆದ್ರೆ 'ಇವತ್ತು' ಅಂತ ಸುಮ್ನೆ ಹಾಕೋದು. ಒಂದೇ ದಿನ ಹೋಗಿ ತುಂಬಾ ಫೋಟೋ ತೆಗೆದಿಟ್ಕೊಂಡು, ದಿನಾ ಒಂದೊಂದು ಹಾಕ್ತೀವಿ. ಎಲ್ಲರೂ ಹಾಗೇ ಮಾಡೋದು."

"ನೀನು ಸುಮ್ಮನೆ ಬರೆದದ್ದು ನನ್ನ ಮನೆಯ ಮೇಲೆ ಬಿತ್ತು. ಅದು ಹಳೆಯದು ಅಂತ ಅಲ್ಲೇ ಬರೆ."

ತನ್ವಿ ತುಟಿ ಕಚ್ಚಿದಳು. ಪುಟದ ಹೆಸರೇ 'ಇವತ್ತಿನ ಬೀದಿ'. ಒಂದು ಫೋಟೋ ಹಳೆಯದೆಂದರೆ ಎಲ್ಲವನ್ನೂ ಜನ ಅನುಮಾನಿಸುತ್ತಾರೆ. ಬಟ್ಟೆ ಕಂಪೆನಿಯೊಂದು ಈಗಷ್ಟೇ ಮಾತಾಡಿದೆ, ಅದೂ ಕೈತಪ್ಪುತ್ತದೆ. ಇದನ್ನೆಲ್ಲ ತಡವರಿಸುತ್ತಾ ಹೇಳಿ, ಫೋನಿನ ಮೇಲೆ ಬೆರಳಾಡಿಸಿ, ಸಮಾಧಾನದ ನಗು ನಕ್ಕಳು. ಫೋಟೋ ಅಳಿಸಿಯೇಬಿಟ್ಟೆ, ಇನ್ನು ಯಾರಿಗೂ ಕಾಣುವುದಿಲ್ಲ ಎಂದಳು.

ರತ್ನಾವತಿ ಮೇಜಿಗೆ ಕೈ ಅಪ್ಪಳಿಸಿದಳು. ನೀರು ಚೆಲ್ಲಿತು. ಆಚೀಚೆ ಕೂತವರು ತಿರುಗಿ ನೋಡಿದರು.

"ಎಂತ ಮಾಡಿದೆ ನೀನು? ನೋಡುವವರೆಲ್ಲ ನೋಡಿ ಆಯ್ತು. ಈಗ ಅವಳಿಗೆ ನಾಚಿಕೆಯಾಗಿ ತೆಗೆಸಿದಳು ಅಂತ ಹೇಳ್ತಾರೆ. ಕಳ್ಳಿ ಅಂತ ಬರೆದು ಮತ್ತೆ ಉಜ್ಜಿದ್ರೆ ಕಳ್ಳತನ ಹೋಗ್ತದಾ?"

ವೆರೊನಿಕಾ ಬಾಯಿ ತಮ್ಮ ಕರವಸ್ತ್ರದಿಂದ ಚೆಲ್ಲಿದ ನೀರನ್ನು ಒರೆಸಿದರು. ರತ್ನಾವತಿಯ ಕಣ್ಣು ತನ್ವಿಯ ಚೀಲದ ಮೇಲೆ ನಿಂತಿತು. "ನಿನಗೆ ಇವತ್ತಿನದ್ದು ಬೇಕಲ್ವಾ? ಕ್ಯಾಮೆರಾ ತಗೊ. ಇವತ್ತು ಎಂತದ್ದು ಅಂತ ನಾನು ತೋರಿಸ್ತೇನೆ."

ಬರುವುದಿಲ್ಲ ಎನ್ನಲು ತನ್ವಿಗೆ ಧೈರ್ಯವಾಗಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ವೆರೊನಿಕಾ ಬಾಯಿ ಅವಳಿಗೊಂದು ಪೆಪ್ಪರ್‌ಮಿಂಟ್ ಕೊಟ್ಟದ್ದನ್ನು ರತ್ನಾವತಿ ನೋಡಿಯೂ ನೋಡದಂತಿದ್ದಳು.

ತೋಟದ ಬದಿಗೆ ಬಂದಾಗ ಹುಡುಗಿ ನಿಂತುಬಿಟ್ಟಳು. ಗಿಡದ ತುಂಬ ಅರಳಿದ ಹೂ. ಅದರ ಕೆಳಗೆ ನಿನ್ನೆಯ ಹಳದಿ ಹೂ, ಮೊನ್ನೆಯ ಕಂದು ಹೂ, ಅದಕ್ಕೂ ಹಿಂದಿನದು ಮಣ್ಣಿಗಂಟಿ ಕಪ್ಪಾಗಿತ್ತು. ಇರುವೆಗಳು ಸಾಲುಗಟ್ಟಿದ್ದವು. ಪರಿಮಳದೊಳಗೆ ಕೊಳೆತ ವಾಸನೆ ಸೇರಿ ತಲೆ ಸುತ್ತುವಂತಿತ್ತು.

"ಎಷ್ಟು ಚಂದ" ಎಂಬ ಮಾತು ಅವಳ ಬಾಯಿಂದ ಜಾರಿತು.

"ಚಂದ ಅಲ್ಲ ಅದು" ಎಂದಳು ರತ್ನಾವತಿ. "ಇದು ನಮ್ಮ ಮಾವ ಸತ್ತದ್ದು. ತೆಗಿ."

ಹೂವಿಲ್ಲದ ಬರಿಯ ತುರುಬಿನಲ್ಲಿ, ಕೈ ಕಟ್ಟಿಕೊಂಡು, ಮಾವ ನೆಟ್ಟ ಮೊದಲ ಸಾಲಿನ ನಡುವೆ ಹೋಗಿ ನಿಂತಳು. ಸ್ವಲ್ಪ ಈ ಕಡೆ ತಿರುಗಿ ಎಂದು ತನ್ವಿ ಹೇಳಲಿಲ್ಲ. ಮಂಡಿಯೂರಿ ಕೂತು, ನೆಲದ ಆ ಕಪ್ಪು ಹೂವೂ ಬರುವಂತೆ ತೆಗೆದಳು. ಆಮೇಲೆ ಜಗಲಿಯಲ್ಲಿ ಕೂತು ರತ್ನಾವತಿ ಹೇಳಿದಂತೆ ಬರೆದಳು. ಹಳೆಯ ಫೋಟೋವನ್ನೂ ಮತ್ತೆ ಹಾಕಿ, ಅದನ್ನು ತೆಗೆದದ್ದು ವಿಷುವಿಗೆ ಮುಂಚೆ, 'ಇವತ್ತು' ಎಂದು ಬರೆದದ್ದು ತನ್ನ ಸುಳ್ಳು ಎಂದಳು. ಮಾವ ತೀರಿಕೊಂಡ ದಿನದಿಂದ ಈ ತೋಟದ ಒಂದು ಮೊಗ್ಗನ್ನೂ ಯಾರೂ ಕೊಯ್ದಿಲ್ಲ, ಹೊಸ ಫೋಟೋ ನೋಡಿ ಎಂದಳು. 'ಸುಳ್ಳು' ಎನ್ನುವಲ್ಲಿ ಬೆರಳು ತಡೆಯಿತು. ತಪ್ಪು ಎಂದು ಹಾಕಲೇ ಎಂದು ಮೆಲ್ಲಗೆ ಕೇಳಿದಳು. ರತ್ನಾವತಿ ಬೇಡವೆಂದು ತಲೆಯಾಡಿಸಿದಳು. ಹುಡುಗಿ ಸುಳ್ಳು ಎಂದೇ ಬರೆದು ಕಳುಹಿಸಿದಳು.

ಹೊರಡುವಾಗ, ಅಭ್ಯಾಸಬಲವೋ ಏನೋ, ಬೇಲಿಯ ಬಳಿ ಬಗ್ಗಿದ ಕೊಂಬೆಯೊಂದಕ್ಕೆ ಅವಳು ಕೈ ಚಾಚಿದಳು. "ಮುಟ್ಟಬೇಡ" ಎಂದಳು ರತ್ನಾವತಿ. ತನ್ವಿ ಕೈಯನ್ನು ಹಿಂದಕ್ಕೆಳೆದುಕೊಂಡು, ಕಣ್ಣು ತುಂಬಿಕೊಂಡು ಬಸ್ಸಿನ ಕಡೆ ನಡೆದಳು. ವಿಷುವಿಗೆ ಮುಂಚೆ ಅದೇ ಕೂದಲಿಗೆ ಹೂ ಮುಡಿಸಿದ್ದು ರತ್ನಾವತಿಗೆ ನೆನಪಾಯಿತು. ಆದರೂ ಕರೆಯಲಿಲ್ಲ.

ಸಂಜೆಗೆ ಕುಶಲಾಳ ಫೋನ್. ಅವಳು ಹೊಸ ಫೋಟೋ ನೋಡಿದ್ದಳು. ಮಲ್ಲಿಗೆ ಬೆಳೆಯುವ ಊರಿನ ಹತ್ತಿರದವಳಿಗೆ ಆ ನೆಲದ ಕಪ್ಪು ಹೂವಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

"ನೋಡಿದೆ. ಬೆಳಿಗ್ಗೆ ಬೇಗ ಬಾ. ಮಾವನಿಗೆ ನೀನೇ ಬಡಿಸ್ಬೇಕು."

"ಬರ್ತೇನೆ ಅಕ್ಕ" ಎಂದು ರತ್ನಾವತಿ ಫೋನ್ ಇಟ್ಟಳು.

ವೆರೊನಿಕಾ ಬಾಯಿ ನಾಳೆಗೆಂದು ಅವಳ ಬಿಳಿಯ ಸೀರೆಯನ್ನು ಇಸ್ತ್ರಿ ಮಾಡಿ ತಂದಿದ್ದರು. ಕನ್ನಡಕ ಏರಿಸಿ, ಫೋನಿನಲ್ಲಿ ಜನ ಬರೆದದ್ದನ್ನು ಓದಿದರು. ಊರಿನವರು ಒಬ್ಬಿಬ್ಬರು ಕ್ಷಮೆ ಕೇಳಿದ್ದರು. ಉಳಿದವರಿಗೆ ಹೂವಿನ ತೋಟ ಇಷ್ಟವಾಗಿತ್ತು. ಒಬ್ಬಳಂತೂ ಈ ಜಾಗ ಎಲ್ಲಿದೆ, ನಮ್ಮ ಮದುವೆಗೆ ಮುಂಚಿನ ಫೋಟೋ ಅಲ್ಲೇ ತೆಗೆಸಬಹುದೇ ಎಂದು ಕೇಳಿದ್ದಳು. ಓದುತ್ತಾ ಓದುತ್ತಾ ವೆರೊನಿಕಾ ಬಾಯಿಯ ದನಿ ಸಣ್ಣದಾಯಿತು. ಸಾಕು ಎಂದಳು ರತ್ನಾವತಿ.

ಭೋಜಣ್ಣನದೂ ಒಂದು ಸಂದೇಶ ಬಂದಿತ್ತು. ಬೊಜ್ಜ ಮುಗಿದ ಮರುದಿನವೇ ಹೂವಿಗೆ ಬರುತ್ತಾನಂತೆ, ಕಟ್ಟಿ ಇಡಬೇಕಂತೆ. ಎಂತ ಹೇಳಲಿ ಎಂದು ವೆರೊನಿಕಾ ಬಾಯಿ ಕೇಳಿದರು.

ರತ್ನಾವತಿ ಸೀರೆಯ ಮಡಿಕೆ ಕೆಡದ ಹಾಗೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಬರಲಿ. ಗೇಟಿನ ಹೊರಗೆ ಕೂತು ಕೇಳೋದಲ್ಲ ಅಂತ ಹೇಳಿ ಬಾಯಿ. ಸ್ಕೂಟರಿನಿಂದ ಇಳಿದು, ತೋಟಕ್ಕೊಂದು ಸುತ್ತು ಬಂದು, ಮತ್ತೆ ಕೇಳಲಿ."