ಎಳೆಯ ರಕ್ತ

ರುಕ್ಮಿಣಿಬಾಯಿ ಬಟ್ಟೆ ಸರಿಸಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ತಂತಿಯ ಪಂಜರದೊಳಗೆ ಬಿಳಿ ಇಲಿಯೊಂದು ಹುಲ್ಲಿನ ಮೇಲೆ ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಕೂದಲಿಲ್ಲದ ಕೆಂಪು ಮರಿಗಳು ಹಾಲು ಕುಡಿಯುತ್ತಿದ್ದವು.

"ಲಲಿತಾ, ಲಿಂಗಪೂಜಿ ಮಾಡೋ ಮನಿಯಾಗ ಇಲಿ ತಂದಿಟ್ಟೀದಿ. ನಿನ್ನ ಗಂಡಗ ಗೊತ್ತದೇನು?"

"ಗೊತ್ತದರಿ ಅತ್ತಿ. ಕಾಲೇಜಿನ ಖೋಲಿ ಖಾಲಿ ಮಾಡಂದ್ರು. ಹೊಸ ರಾಜ್ಯದ ಕಾಗದಪತ್ರ ಇಡ್ಲಿಕ್ಕ ಬೇಕಂತ. ಒಂದು ತಿಂಗಳ ಮಟ್ಟಿಗ ಅಷ್ಟೇರಿ."

ಅತ್ತೆ ಒಳಗೆ ಹೋದರು. ಲಲಿತಾಬಾಯಿ ಭಾಲ್ಕಿಯ ಹುಡುಗಿ. ಹೈದರಾಬಾದಿನಲ್ಲಿ ಓದಿ ಬಂದು ಬೀದರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಗಂಡ ಮನ್ಮಥಪ್ಪನಿಗೆ ಔರಾದಿನ ತಹಶೀಲ ಕಚೇರಿಯಲ್ಲಿ ನೌಕರಿ, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಸೊಸೆಗೆ ಜೊತೆಯಾಗಿ ಅತ್ತೆ ಇದ್ದರು.

ಎಳೆಯ ಇಲಿಗಳ ರಕ್ತದಲ್ಲಿ ಕೆಂಪು ಕಣಗಳು ದೊಡ್ಡವು, ಒಂದೇ ಅಳತೆಯವಲ್ಲ, ಕೆಲವಕ್ಕೆ ನೀಲಿ ಛಾಯೆ. ಅದು ರೋಗದ ಲಕ್ಷಣ ಎಂದು ವಿಭಾಗದ ಹಿರಿಯರಾದ ಅಬ್ದುಲ ಅಜೀಜ ಸಾಹೇಬರ ಅನುಮಾನ. ಅಲ್ಲ, ಎಳೆತನದ ಗುಣವೇ ಹಾಗೆ, ಬೆಳೆದಂತೆ ಸರಿಹೋಗುತ್ತದೆ ಎಂದು ಲಲಿತಾಳ ನಂಬಿಕೆ. ಹುಟ್ಟಿದಾಗಿನಿಂದ ಹಾಲು ಬಿಡುವವರೆಗೆ ಅವೇ ಮರಿಗಳ ರಕ್ತ ನೋಡಿದರೆ ಮಾತ್ರ ತೀರ್ಮಾನ. ಮೊದಲ ಸಲದ ಮರಿಗಳನ್ನು ಗದ್ದಲಕ್ಕೆ ಬೆದರಿದ ತಾಯಿಯೇ ತಿಂದುಬಿಟ್ಟಿತ್ತು. ಬೀದರು ಹೈದರಾಬಾದಿನಿಂದ ಬೇರೆಯಾಗಿ ಕನ್ನಡದ ಹೊಸ ರಾಜ್ಯಕ್ಕೆ ಸೇರಲಿದ್ದುದರಿಂದ ಸಾಹೇಬರು ಹೈದರಾಬಾದಿನ ಕಡೆಯ ನೌಕರಿ ಆರಿಸಿಕೊಂಡು ಹೊರಟಿದ್ದರು. ಇನ್ನೊಂದು ಅವಕಾಶವಿರಲಿಲ್ಲ. ಸೂಕ್ಷ್ಮದರ್ಶಕವನ್ನು ಅವರೇ ಟಾಂಗಾದಲ್ಲಿ ತಂದು ಮನೆಯ ಕಿಟಕಿಯ ಬಳಿ ಇಟ್ಟುಹೋಗಿದ್ದರು.

ಆ ವರ್ಷ ಹೊಸ ರಾಜ್ಯದ ಸಂಭ್ರಮವೂ ದೀಪಾವಳಿಯೂ ಕೂಡಿಯೇ ಬಂದವು. ಸಂಜೆ ಓಣಿಯಲ್ಲಿ ಪಟಾಕಿ ಸಿಡಿಯತೊಡಗಿದಾಗ ತಾಯಿ ಇಲಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಪಂಜರದ ತುಂಬ ಓಡಾಡಿತು. ಈ ಸಲವೂ ತಿಂದುಬಿಡುತ್ತದೆಂದು ಲಲಿತಾ ಪಂಜರದ ಎದುರೇ ನಿಂತುಬಿಟ್ಟಳು. ಕಣ್ಣಲ್ಲಿ ನೀರು ತುಂಬಿತು.

ಅಡುಗೆಮನೆಯಿಂದ ಬಂದ ರುಕ್ಮಿಣಿಬಾಯಿ ಒಂದು ಗಳಿಗೆ ನೋಡಿದರು. ಸೆರಗು ಸಿಕ್ಕಿಸಿ, ತಾವೇ ಪಂಜರ ಎತ್ತಿ, ಜೋಳದ ಚೀಲಗಳಿದ್ದ ಕತ್ತಲೆ ಕೋಣೆಯಲ್ಲಿಟ್ಟು ಕಂಬಳಿ ಹೊದಿಸಿದರು.

"ನೀ ಹೊರಗ ನಡಿ. ಬಾಳಂತಿ ಎದುರಿಗ ನಿಂತು ಅಳಬಾರದು."

ಪಟಾಕಿ ನಿಲ್ಲುವವರೆಗೆ ಅವರು ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಿಗ್ಗೆ ನೋಡಿದರೆ ಎಲ್ಲ ಮರಿಗಳೂ ತಾಯಿಯ ಮಗ್ಗುಲಲ್ಲಿದ್ದವು.

ಅಂದಿನಿಂದ ಹಾಲಿನಲ್ಲಿ ನೆನೆಸಿದ ರೊಟ್ಟಿ ಮೊದಲು ಪಂಜರಕ್ಕೆ, ಆಮೇಲೆ ಸೊಸೆಗೆ ಊಟ. ಬಾಲದ ತುದಿಯಿಂದ ರಕ್ತ ತೆಗೆಯುವಾಗ ಮಾತ್ರ ಅತ್ತೆ ಅಂಗಳಕ್ಕೆ ಹೋಗುತ್ತಿದ್ದರು. ಲಲಿತಾ ಆ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಬಣ್ಣ ಹಚ್ಚಿ, ಒಣಗಿಸಿ ನೋಡುತ್ತಿದ್ದಳು. ಮರಿಗಳಿಗೆ ಬಿಳಿ ತುಪ್ಪಳ ಬಂತು, ಕಣ್ಣು ತೆರೆದವು. ಗಾಜಿನ ಮೇಲೆ ದೊಡ್ಡ ಕಣಗಳು ವಿರಳವಾಗುತ್ತ ಬಂದವು. ಸಣ್ಣವು, ಒಂದೇ ಅಳತೆಯವು, ಒತ್ತೊತ್ತಾಗಿ ತುಂಬಿಕೊಂಡವು.

ಹೊರಡುವ ಮುನ್ನಾದಿನ ಅಜೀಜ ಸಾಹೇಬರು ಬಂದರು. ಒಂದಾದ ಮೇಲೊಂದು ಗಾಜು ಇಟ್ಟು ನೋಡಿದರು. ಮೊದಲಿನದನ್ನು ಮತ್ತೆ ನೋಡಿದರು. ಚಹಾ ಆರಿಹೋಯಿತು.

"ಬಿಮಾರಿ ಅಲ್ಲ ಬಾಯಿ," ಅಂದರು ತಲೆಯೆತ್ತಿ. "ಬಚಪನ್, ಎಳೆತನ. ನಿಮ್ಮ ಮಾತೇ ಖರೆ." ಅವರ ಮುಖದಲ್ಲಿ ನಗು ಹರಡಿತು. "ಪ್ರಿನ್ಸಿಪಾಲರಿಗೆ ಹೇಳೇನಿ. ಖೋಲಿ ವಾಪಸ್ ಕೊಡ್ತಾರ. ಇನ್ನ ಮುಂದಿನ ಕೆಲಸ ನಿಮ್ದು."

"ನೀವಿಲ್ದ ಹ್ಯಾಂಗರಿ ಸಾಹೇಬರ?"

"ನಾ ಇದ್ದಾಗೂ ನೀವೇ ಮಾಡೀರಿ. ಹೈದರಾಬಾದ ಏನ್ ದೂರ ಅದರಿ?"

ಅವರನ್ನು ಟಾಂಗಾದವರೆಗೆ ಕಳಿಸಿ ಬಂದ ಸೊಸೆಗೆ ರುಕ್ಮಿಣಿಬಾಯಿ ಬೆರಳು ಚಾಚಿದರು.

"ನಂದೂ ಒಂದಿಷ್ಟು ನೋಡವ್ವ. ಮುಪ್ಪಾಗಿರಬೇಕು."

ಲಲಿತಾ ಸೂಜಿ ಕಾಯಿಸಿ ಆರಿಸಿ ಮೆಲ್ಲಗೆ ಚುಚ್ಚಿದಳು. ಗಾಜು ಸಿದ್ಧವಾದ ಮೇಲೆ ಬಹಳ ಹೊತ್ತು ನೋಡಿದಳು.

"ಇಲ್ರಿ ಅತ್ತಿ. ಈ ಕಣ ನಾಕು ತಿಂಗಳಿಗಿಂತ ಹೆಚ್ಚು ಬದುಕಂಗಿಲ್ಲ. ಇವೆಲ್ಲ ಈ ಸಲದ ಮಳಿಗಾಲದಾಗ, ಇಲ್ಲಂದ್ರ ಅದಾದ ಮ್ಯಾಲ ಹುಟ್ಟಿದವು."

"ಸುಳ್ಳ ಹೇಳಬ್ಯಾಡ."

"ನೀವೇ ನೋಡ್ರಿ."

ರುಕ್ಮಿಣಿಬಾಯಿ ಒಂದು ಕಣ್ಣು ಮುಚ್ಚಿ ಬಗ್ಗಿದರು. ತಲೆಯ ಮೇಲಿನ ಸೆರಗು ಜಾರಿತು. ಅವರು ಅದನ್ನು ಎಳೆದುಕೊಳ್ಳಲಿಲ್ಲ. ಕಿಟಕಿಯ ಬಿಸಿಲು ಅವರ ನರೆತ ಕೂದಲ ಮೇಲೆ ಬಿದ್ದಿತ್ತು, ತುಟಿಗಳು ಏನನ್ನೋ ಎಣಿಸುವಂತೆ ಮೆಲ್ಲಗೆ ಅಲುಗುತ್ತಿದ್ದವು.