ಮುದ್ದಯ್ಯನ ಅರ

ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತಲೇ ಜವರಯ್ಯ ಕತ್ತೆತ್ತಿ ಸೂರಿನ ಸಂದಿಯನ್ನು ನೋಡಿದ. ಕೆಂಪು ಬಟ್ಟೆಯಲ್ಲಿ ಸುತ್ತಿದ್ದ, ಮುದ್ದಯ್ಯ ಕಬ್ಬಿಣ ಉಜ್ಜುತ್ತಿದ್ದ ಅರ ಅಲ್ಲೇ ಇತ್ತು. ಅಷ್ಟೇ ಉದ್ದದ ತನ್ನದೇ ಹೊಸ ಅರವೊಂದು ಷರಟಿನೊಳಗೆ ಸೊಂಟಕ್ಕೆ ಒತ್ತುತ್ತಿತ್ತು. ಸಂದರ್ಭ ಸಿಕ್ಕರೆ ಇದನ್ನಿಟ್ಟು ಅದನ್ನು ತೆಗೆದುಕೊಳ್ಳುವುದೆಂದು ಬಂದಿದ್ದ.

"ಸರಿಯಾಗಿ ಬಿಗಿಲಾ," ಎಂದ ಇನ್ನೊಂದು ತುದಿಯಲ್ಲಿದ್ದ ಕರಿಯಪ್ಪ. "ಇನ್ನೇನ್ ಬುಡು, ಎದುರಂಗಡಿ ಮುಚ್ತು. ಮಳವಳ್ಳಿ ಗಿರಾಕಿಯೆಲ್ಲ ನಿಂದೇಯ."

"ಸಾವಿನ ಮನೇಲಿ ಆಡೋ ಮಾತೇನ್ಲಾ ಅದು?"

"ಮುದ್ದಣ್ಣ ಇದ್ದಿದ್ರೆ ಅವನೇ ನಗ್ತಿದ್ದ ಕಣ್ಲಾ."

ಅದೂ ನಿಜ. ಆ ನಗುವನ್ನು ಕಂಡರೇ ಜವರಯ್ಯನಿಗೆ ಆಗುತ್ತಿರಲಿಲ್ಲ.

ಮುದ್ದಯ್ಯ ನಿನ್ನೆ ಸಂಜೆ ಎದೆ ಹಿಡಿದುಕೊಂಡು ಅಂಗಡಿ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಇಬ್ಬರದೂ ಮೋಟಾರುಸೈಕಲ್ ರಿಪೇರಿ, ಎದುರುಬದುರು ಅಂಗಡಿ. ಆದರೆ ಮುದ್ದಯ್ಯ ಮುಟ್ಟಿದ ಜಾವಾ ಗಾಡಿ ಮೂವರನ್ನೂ ಒಂದು ಬಂಡೂರು ಟಗರನ್ನೂ ಹೊತ್ತು ಏರು ಹತ್ತುತ್ತಿತ್ತು. ಸಿಲಿಂಡರಿನಲ್ಲಿ ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಕೂದಲೆಳೆಯಷ್ಟು ಅಗಲಿಸಿದರೆ ಎಂಜಿನ್ನಿಗೆ ಬಲ ಬರುತ್ತದೆ. ಅಳತೆ ಮೀರಿದರೆ ಇದ್ದ ಎಳೆತವೂ ಹೋಗುತ್ತದೆ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಜವರಯ್ಯನಿಗೂ ಗೊತ್ತಿದ್ದ ಕೆಲಸವೇ. ಆದರೂ ಊರಿನವರು "ಮುದ್ದಣ್ಣನ ಕೈಗುಣ" ಎನ್ನುತ್ತಿದ್ದರು. ಕೈಯಲ್ಲ, ಅರದ ಗುಣ ಎಂದು ಜವರಯ್ಯ ನಂಬಿದ್ದ. ಬೊಂಬಾಯಿಯದೇ ಇರಬೇಕು. ಇಲ್ಲದಿದ್ದರೆ ದಿನಾ ಬಟ್ಟೆ ಸುತ್ತಿ ಮನೆಗೇಕೆ ಒಯ್ಯುತ್ತಿದ್ದ?

*

ಎಪ್ಪತ್ತೆರಡರ ಬೇಸಿಗೆಯ ಮಾತು. ಮುದ್ದಯ್ಯನಿಗಿಂತ ಒಂದು ಕೈ ಮೇಲಾಗಬೇಕೆಂದು ಜವರಯ್ಯ ತನ್ನ ಗಾಡಿಯ ಕಿಂಡಿಯನ್ನು ಹಟದಿಂದ ಉಜ್ಜಿದ್ದ. ಬೆಳಕವಾಡಿಯ ಏರಿನಲ್ಲಿ ಗಾಡಿ ಕಿರುಚಿತೇ ಹೊರತು ಎಳೆಯಲಿಲ್ಲ. ಎಂಜಿನ್ ಕಾದು, ಬಿಗಿ ಹಿಡಿದುಕೊಂಡು ನಿಂತುಬಿಟ್ಟಿತು.

ಹಿಂದಿನಿಂದ ಬಂದವನು ಮುದ್ದಯ್ಯನೇ. ಬಗ್ಗಿ ನೋಡಿದ. ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಊರು ಕಾಣುವಷ್ಟರಲ್ಲಿ ಕೆರೆ ಏರಿಯ ಮೇಲೆ ನಿಲ್ಲಿಸಿ ಹಗ್ಗ ಬಿಚ್ಚಿದ.

"ಇಲ್ಲಿಂದ ನೀನೇ ತಳ್ಕೊಂಡ್ ಬಾ ಜವರ. ಯಾರಾರ ಕೇಳುದ್ರೆ ಪೆಟ್ರೋಲ್ ಖಾಲಿ ಅನ್ನು."

ಆಮೇಲೆ ಮುದ್ದಯ್ಯ ಆ ಮಾತೆತ್ತಲೇ ಇಲ್ಲ. ಊರಿಗೆಲ್ಲ ಹೇಳಿ ನಕ್ಕಿದ್ದರೆ ಜವರಯ್ಯನ ಹೊಟ್ಟೆ ತಣ್ಣಗಾಗುತ್ತಿತ್ತೇನೋ.

*

ಹೆಣ ಎತ್ತುವ ಮೊದಲು ಮುದ್ದಯ್ಯನ ಹೆಂಡತಿ ದೇವಿರಮ್ಮ ತಾನಾಗಿಯೇ ಕೆಂಪು ಗಂಟನ್ನು ತಂದು ಜವರಯ್ಯನ ಕೈಗಿತ್ತಳು. ದುಡಿದ ಸಾಮಾನನ್ನು ಜೊತೆಗಿಟ್ಟು ಮಣ್ಣು ಮಾಡುವುದು ಆ ಮನೆಯ ಪದ್ಧತಿ.

"ಅವ್ರ ಬಲಗೈ ಪಕ್ಕ ನೀನೇ ಇಟ್ಬುಡು ಜವರಣ್ಣ. ಕಸುಬಿನೋರೇ ಇಡ್ಬೇಕು."

"ನಾನೇ ಯಾಕವ್ವ?"

"ಇನ್ಯಾರವ್ರೆ? ಜವರಂಗೆ ವಸಿ ಅವಸರ, ಇಲ್ದಿದ್ರೆ ನನಗಿಂತ ಚೆಂದಾಗ್ ಮಾಡ್ತಾನೆ ಅಂತಿದ್ರು."

ಹೊಗಳಿಕೆಯಲ್ಲೂ ಅವನೇ ಮುಂದೆ ಹೋಗಿದ್ದ.

ಮಣ್ಣು ಮಾಡುವ ತೋಟದ ಹತ್ತಿರ ಹುಣಸೆ ಮರದ ಮರೆಗೆ ಸರಿದು ಜವರಯ್ಯ ಗಂಟು ಬಿಚ್ಚಿದ. ಅರದ ಬುಡದಲ್ಲಿ ಮಂಡ್ಯದ ಅಂಗಡಿಯ ಗುರುತಿತ್ತು. ತನ್ನ ಅರದ ಮೇಲಿದ್ದ ಗುರುತೇ. ಹೆಬ್ಬೆರಳು ಆಡಿಸಿದ. ತುದಿಯಲ್ಲಿ ಚೂರು ಬಿಟ್ಟರೆ ಹಲ್ಲೇ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ಸವೆದು ನುಣುಪಾಗಿತ್ತು.

"ಲೇ ಜವರ, ಕುಣಿ ತಾವ ಕಾಯ್ತಾವ್ರೆ ಬಾರ್ಲಾ," ಕರಿಯಪ್ಪ ಕೂಗಿದ.

ಜವರಯ್ಯ ಎರಡು ಕೈಯಲ್ಲಿ ಎರಡು ಅರ ಹಿಡಿದು ನಿಂತಿದ್ದ.

"ಈ ಬೋಳು ಅರ ತಕ್ಕೊಂಡ್ ಓಯ್ತೀಯೇನ್ಲಾ ಮುದ್ದ," ಎಂದು ಗೊಣಗಿದ.

ಕುಣಿಗಿಳಿದು ಮಂಡಿಯೂರಿ ಕೆಂಪು ಬಟ್ಟೆಯನ್ನು ಮುದ್ದಯ್ಯನ ಬಲಗೈಯ ಪಕ್ಕಕ್ಕಿಟ್ಟ. ಸರಿದ ಅಂಚಿನಲ್ಲಿ ಹೊಸ ಅರದ ಹಲ್ಲು ಬಿಸಿಲಿಗೆ ಒಮ್ಮೆ ಮಿಂಚಿತು. ಮೇಲಿನಿಂದ ಮೊದಲ ಹಿಡಿ ಮಣ್ಣು ಬಿತ್ತು. ಷರಟಿನೊಳಗಿನ ಬೋಳು ಅರ ಜವರಯ್ಯನ ಸೊಂಟವನ್ನು ಚೂರೂ ತರಚಲಿಲ್ಲ.