ಇಲ್ಲದವರ ಹೇಳಿಕೆ

“ಏನೋ, ರಾತ್ರಿ ನಿನ್ನೆದೆ ಕುದುರೆ ಥರ ಓಡಿದೆ! ಯಾವೂರಿಗೆ ಸವಾರಿ ಹೋಗಿದ್ಯೋ ಮಗನೇ?”

ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದ ನಮ್ಮೆಲ್ಲರ ಎದುರು, ಮೇಸ್ತ್ರಿ ತನ್ನ ಫೋನು ನೋಡಿಕೊಂಡು ನನ್ನ ಗಂಡನನ್ನು ಕೇಳಿದ. ಸಾಲು ಗೊಳ್ಳೆಂದು ನಕ್ಕಿತು. ಗಂಡ ತಲೆ ತಗ್ಗಿಸಿದ. ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಪೊರಕೆ ಹಿಡಿದು ಹೆಂಗಸರ ಸಾಲಿನಲ್ಲಿದ್ದ ನನ್ನತ್ತ ತಿರುಗಿ, “ನಿಂದೂ ಅದೇ ಹೊತ್ಗೆ ಓಡಿದ್ಯಲ್ಲಮ್ಮಾ, ಜೋಡಿ ಕುದುರೆ!” ಎಂದ. ಆ ಪೊರಕೆಯನ್ನು ಅವನ ಬಾಯಿಗೇ ತುರುಕಬೇಕೆನಿಸಿತು.

ನಾನು ಬೀದಿ ಗುಡಿಸುವವಳು, ಗಂಡ ಮ್ಯಾನ್‌ಹೋಲಿಗೆ ಇಳಿಯುವವನು. ನಮ್ಮೆಲ್ಲರ ಕೈಗೂ ಕಚೇರಿಯವರು ಒಂದೊಂದು ವಾಚು ಕಟ್ಟಿದ್ದಾರೆ. ಎಲ್ಲಿದ್ದೇವೆ, ಎಷ್ಟು ಹೊತ್ತು ನಿಂತೆವು, ಎದೆ ಹೇಗೆ ಬಡಿಯಿತು, ಬಾಯಿ ಏನಂದಿತು, ಎಲ್ಲವೂ ಅದಕ್ಕೆ ಬೇಕು. ಮನೆಯಲ್ಲೂ ಬಿಚ್ಚುವಂತಿಲ್ಲ, ಬಿಚ್ಚಿದರೆ ಮೇಸ್ತ್ರಿಯ ಫೋನು ಬಡಿದುಕೊಳ್ಳುತ್ತದೆ. “ಎಲ್ಲಾ ನಿಮ್ಮ ಕ್ಷೇಮಕ್ಕೇ” ಎಂದಿದ್ದರು ಸಾಹೇಬರು. ನಮ್ಮದು ಒಂದೇ ಕೋಣೆ. ಅತ್ತೆ ವಾಚಿಗೆ ಹೆದರಿ ನನ್ನನ್ನು ಬೈಯುವುದನ್ನೇ ಬಿಟ್ಟಳು. ವಾಚಿನಿಂದ ಆದ ಉಪಕಾರ ಅದೊಂದೇ.

ನಿಜವಾಗಿ ರಾತ್ರಿ ನಾವು ಯಾವ ಸವಾರಿಯನ್ನೂ ಮಾಡಿರಲಿಲ್ಲ, ಜಗಳವಾಡಿದ್ದೆವು. ಅದೂ ಬಾಯಿ ಬಿಡದೆ, ಕೈಸನ್ನೆಯಲ್ಲಿ. ‘ನಿಜ ಹೇಳ್ತೀಯೋ ಇಲ್ಲವೋ’ ಎಂದು ನಾನು ಕೈಯಾಡಿಸಿದರೆ ಅವನು ಬಾಯಾರಿಕೆ ಎಂದುಕೊಂಡು ಎದ್ದು ಹೋಗಿ ನೀರು ತಂದುಕೊಟ್ಟ. ಸಿಟ್ಟಿಗೆ ಚೊಂಬು ಕುಕ್ಕಿದೆ. ಅತ್ತೆ ಎದ್ದು ಕೂತು ನಮ್ಮಿಬ್ಬರಿಗೂ ಕೈಮುಗಿದಳು, ಆಮೇಲೆ ವಾಚುಗಳಿಗೂ.

ಜಗಳ ಕಪ್ಪೆಯ ಬಗ್ಗೆ. ಕಪ್ಪೆ ನನ್ನ ಗಂಡನ ಜೊತೆಗಾರ. ಎಂಥ ಗುಂಡಿಗಾದರೂ ಛಂಗನೆ ಇಳಿಯುತ್ತಿದ್ದನೆಂದು ಆ ಹೆಸರು. ಹೋದ ತಿಂಗಳು ಇಳಿದವನು ಗ್ಯಾಸಿಗೆ ಸಿಕ್ಕಿ ಹೆಣವಾಗಿ ಮೇಲೆ ಬಂದ. ಹಗ್ಗ ಹಿಡಿದಿದ್ದವನು ನನ್ನ ಗಂಡ. ಆದರೆ ಗುಂಡಿಯೊಳಗೆ ಸಿಗ್ನಲ್ ಇಲ್ಲ. ಮನೆಯ ಮೂಲೆಯಲ್ಲಿ ಸೀನಿದರೂ ಕೇಳಿಸಿಕೊಳ್ಳುವ ವಾಚು, ಕಪ್ಪೆ ಇಳಿದ ಕೂಡಲೇ ಕಿವುಡಾಗಿ, ಕುರುಡಾಗಿ, ಅವನನ್ನು ಗೈರುಹಾಜರು ಎಂದುಬಿಟ್ಟಿತು. ಕಚೇರಿಗೂ ಅದೇ ಬೇಕಿತ್ತು, ಪರಿಹಾರ ಕೊಡುವುದು ತಪ್ಪುತ್ತದಲ್ಲ. ಹೆಣ ಇನ್ನೂ ಮನೆ ಮುಂದಿರುವಾಗಲೇ ಕಪ್ಪೆಯ ಫೋನಿಗೆ ಸಂದೇಶ ಬಂತು: ‘ಹೇಳದೆ ಕೇಳದೆ ಕೆಲಸ ತಪ್ಪಿಸಿದ್ದೀರಿ. ಖುದ್ದಾಗಿ ಬಂದು ಕಾರಣ ಕೊಡಿ.’ ಅವನ ಹೆಂಡತಿ ಅದನ್ನು ನನ್ನ ಕೈಯಲ್ಲಿ ಓದಿಸಿದಳು.

ಈಗ ಸಾಹೇಬರೇ ಬರುವವರಿದ್ದರು. ‘ಕಪ್ಪೆ ಅವತ್ತು ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ಗುಂಡಿಗೆ ಬಿದ್ದ’ ಎಂದು ನನ್ನ ಗಂಡ ಅವರ ಫೋನಿನ ಮುಂದೆ ಹೇಳಬೇಕು. ಹೇಳದಿದ್ದರೆ ನಮ್ಮಿಬ್ಬರ ಕೆಲಸವೂ ಹೋಗುತ್ತದೆ.

ಹಾಜರಿ ಮುಗಿದ ಮೇಲೆ ಗಂಡ ನನ್ನ ರಟ್ಟೆ ಹಿಡಿದು ಬೀದಿಯ ತುದಿಗೆ ಎಳೆದುಕೊಂಡು ಹೋದ. ಅಲ್ಲಿ ಹೊಸದಾಗಿ ಕಟ್ಟಿದ ಮ್ಯಾನ್‌ಹೋಲ್. ಇನ್ನೂ ಪೈಪು ಜೋಡಿಸಿರಲಿಲ್ಲ, ಒಣಗಿತ್ತು. ಕಬ್ಬಿಣದ ಮೆಟ್ಟಿಲು ಹಿಡಿದು ಇಬ್ಬರೂ ಇಳಿದೆವು. ವಾಚಿನ ಹಸಿರು ದೀಪ ಆರಿತು.

“ಈಗ ಬಾಯಿ ಬಿಡು,” ಎಂದ.

ಬಿಟ್ಟೆ ನೋಡಿ. ವಾಚು ಕಟ್ಟಿದಂದಿನಿಂದ ನುಂಗಿಕೊಂಡಿದ್ದನ್ನೆಲ್ಲ ಕಾರಿದೆ. ಮೇಸ್ತ್ರಿ, ಅವನಪ್ಪ, ವಾಚು, ವಾಚು ಮಾಡಿದವನು, ಯಾರನ್ನೂ ಬಿಡಲಿಲ್ಲ. ಕೊನೆಗೆ ಗಂಡನನ್ನೂ. ಎಂಥ ಸುಖವಾಯಿತೆಂದು ಹೇಳಲಾರೆ. ಅವನು ಮಾತ್ರ ಗೋಡೆಗೆ ಒರಗಿ ಅಳತೊಡಗಿದ.

“ಕಪ್ಪೆ ಹಗ್ಗ ಜಗ್ದ ಕಣೇ. ನಾನು ಎಳ್ಕೊಳೋ ಹೊತ್ಗೆ ಕೈ ಬಿಟ್ಟಿದ್ದ. ಅವನು ಬಂದೇ ಇರ್ಲಿಲ್ಲ ಅಂತ ಹೆಂಗೆ ಹೇಳ್ಲಿ?”

“ಹೇಳ್ಬೇಡ.”

“ಹೊಟ್ಟೆಗೆ ಏನು ತಿಂತೀವಿ?”

“ಈಗೇನು ಉಂಡು ತೇಗ್ತಿದೀವಾ? ನಾಳೆ ಕಪ್ಪೆ ಹೆಂಡ್ತಿ ಮುಖ ಹೆಂಗೆ ನೋಡ್ತೀಯ, ಅದನ್ನ ಹೇಳು.”

ಅಷ್ಟರಲ್ಲಿ ಬೆಳಕಿಗೆ ಅಡ್ಡವಾಗಿ ಮೇಸ್ತ್ರಿಯ ತಲೆ ಬಂತು. ಎರಡು ವಾಚೂ ಒಟ್ಟಿಗೆ ಆರಿದ್ದು ಕಂಡು ಹುಡುಕಿಕೊಂಡು ಬಂದಿದ್ದ.

“ಥೂ, ನಾಚಿಕೆಗೆಟ್ಟ ಮುಂಡೇವಾ! ರಾತ್ರಿ ಸಾಲ್ದು ಅಂತ ಗುಂಡೀಲೂ ಶುರು ಹಚ್ಕೊಂಡ್ರಾ? ಸಾಹೇಬ್ರು ಬಂದಿದಾರೆ!”

ಪಕ್ಕದಲ್ಲಿ ಸಾಹೇಬರ ತಲೆಯೂ ಕಂಡಿತು, ಮೂಗಿಗೆ ಕರವಸ್ತ್ರ. ಗುಂಡಿಗೆ ವಾಸನೆಯೇ ಇರಲಿಲ್ಲ, ನಮ್ಮದಿರಬೇಕು ಎಂದುಕೊಂಡೆ. ಇನ್ನೊಂದು ಕೈಯಲ್ಲಿ ಫೋನು ಆಗಲೇ ರೆಕಾರ್ಡ್ ಮಾಡುತ್ತಿತ್ತು.

“ಅಲ್ಲಿಂದಲೇ ಹೇಳಪ್ಪ, ಪರವಾಗಿಲ್ಲ. ವಾಚು ಹೇಳೋದು ಸರಿ ತಾನೇ?”

ಗಂಡ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದ.

“ಸರಿ ಸ್ವಾಮಿ,” ಎಂದ. ನಾನು ಅವನ ತೋಳು ಚಿವುಟಿದೆ. “ನನ್ನ ವಾಚು ಈಗ ಏನು ಹೇಳ್ತಿದೆ, ಸ್ವಲ್ಪ ನೋಡಿ.”

ಸಾಹೇಬರು ಮೇಸ್ತ್ರಿಯ ಫೋನಿಗೆ ಬಗ್ಗಿದರು. “ಗೈರುಹಾಜರು ಅಂತಿದೆ.”

“ಮತ್ತೆ? ಇಲ್ದೇ ಇರೋನ ಹತ್ರ ಹೇಳಿಕೆ ಹೆಂಗೆ ತಗೋತೀರಿ?”

“ಏಯ್ ಬೋಳಿಮಗನೇ!” ಮೇಸ್ತ್ರಿ ಕಿರುಚಿದ. “ಗುಂಡಿ ಒಳಗೆ ಕಣ್ಣೆದುರಿಗೇ ಇದೀಯಲ್ಲೋ! ಅಲ್ಲಿ ವಾಚು ನಡೆಯಲ್ಲ ಅಂತ ಯಾರಿಗೆ ಗೊತ್ತಿಲ್ವೋ?”

ಆ ಮಾತೂ ರೆಕಾರ್ಡಾಯಿತು. ಸಾಹೇಬರು ಮೊದಲು ಮೇಸ್ತ್ರಿಯನ್ನು ನೋಡಿದರು, ಆಮೇಲೆ ತಮ್ಮ ಫೋನನ್ನು. ರೆಕಾರ್ಡಿಂಗ್ ನಿಲ್ಲಿಸಲು ಗಡಬಡಿಸಿ ಕರವಸ್ತ್ರದ ಕೈಯನ್ನೂ ತಂದರು. ಕರವಸ್ತ್ರ ಮೇಲುಳಿಯಿತು. ಫೋನು ಜಾರಿ ನಾನು ಒಡ್ಡಿದ ಸೆರಗಿಗೆ ಬಿತ್ತು.

“ಕೊಡಮ್ಮಾ ಅದನ್ನ.”

“ಇಳಿದು ಬನ್ನಿ ಸ್ವಾಮಿ.”

ಸಾಹೇಬರು ಮೇಸ್ತ್ರಿಗೆ ಇಳಿಯೆಂದರು. “ನಂಗೆ ಅಭ್ಯಾಸ ಇಲ್ಲ ಸ್ವಾಮಿ,” ಎಂದ ಅವನು. ಇಬ್ಬರೂ ‘ನೀನು ಇಳಿ’, ‘ನೀವೇ ಇಳೀರಿ’ ಎಂದು ಅಂಚಿನಲ್ಲಿ ಕಚ್ಚಾಡತೊಡಗಿದರು. ಕೊನೆಗೊಂದು ಬೂಟುಗಾಲು ಮೊದಲ ಮೆಟ್ಟಿಲನ್ನು ತಡಕಿ, ಸಿಗದೆ, ಗಾಳಿಯಲ್ಲೇ ಆಡುತ್ತಿತ್ತು.

ಫೋನು ಇನ್ನೂ ಓಡುತ್ತಿತ್ತು. ಅದನ್ನು ಗಂಡನ ಬಾಯಿಯ ಹತ್ತಿರ ಹಿಡಿದೆ.

“ಈಗ ಹೇಳು. ಮೊದ್ಲಿಂದ ಹೇಳು.”

ಅವನು ಗಂಟಲು ಸರಿಮಾಡಿಕೊಂಡ.

“ಅವತ್ತು ಕಪ್ಪೆ ಬಂದಿದ್ದ,” ಎಂದು ಶುರುಮಾಡಿದ. “ಹಗ್ಗ ನನ್ನ ಕೈಲಿತ್ತು.”